ಟೆಸ್ ಹೇಳಿದ ಎರಡು

2006ರಲ್ಲಿ ನಾನು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ರಿಕ್ಕರ್ಟನ್‌ನಲ್ಲಿ ಒಂದು ಸಣ್ಣ ಕ್ಲಿನಿಕ್‌ನ ಫಿಸಿಯೋಥೆರಪಿಸ್ಟ್ ಆಗಿದ್ದೆ. ಮೈಸೂರಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ ಬಂದವಳು. ರೋಗಿಗಳ ನಾಡಿ ಬಲ್ಲೆ ಎಂಬ ಜಂಭವಿತ್ತು.

ಆ ಸೆಪ್ಟೆಂಬರ್‌ನಲ್ಲಿ ಟೆಸ್ ಎಂಬ ಇಪ್ಪತ್ತಾರರ ಬಾಸ್ಕೆಟ್‌ಬಾಲ್ ಆಟಗಾರ್ತಿ ಬಂದಳು. ಯುರೋಪಿನ ಮಹಿಳಾ ಕ್ಲಬ್ ಪಂದ್ಯಾವಳಿಗಾಗಿ ಫ್ರಾನ್ಸಿನ ತಂಡವೊಂದು ಅವಳನ್ನು ಒಂದು ಸೀಸನ್‌ಗೆ ಕರೆದಿತ್ತು. ಫಿಟ್ ಎಂದು ನಾನು ಸಹಿ ಹಾಕಿದರೆ ಹೊರಡುತ್ತಾಳೆ, ಇಲ್ಲವಾದರೆ ಆ ಜಾಗ ಬೇರೆಯವಳಿಗೆ. ಇಲ್ಲಿನ ಚಳಿಗಾಲದ ಲೀಗ್ ಮುಗಿಸಿ ಅಲ್ಲಿನ ಚಳಿಗಾಲಕ್ಕೆ ಹಾರುವ ಇಂಥವರಿಗೆ ವಿಶ್ರಾಂತಿಯ ಬೇಸಿಗೆಯೇ ಇರುವುದಿಲ್ಲ.

ನೋವೆಂದು ಅವಳು ತೋರಿಸಿದ ಎಡಪಾದದ ಮೇಲೆ ಒತ್ತಿ, "ಹತ್ತಕ್ಕೆ ಎಷ್ಟು ನೋವು?" ಎಂದೆ.

"ಎರಡು," ಎಂದು ನಕ್ಕಳು. ಒಂಟಿಕಾಲಲ್ಲಿ ಕುಪ್ಪಳಿಸಿದಾಗಲೂ ಎರಡೇ.

ನಮ್ಮೂರಲ್ಲಿ ಮುಟ್ಟುವ ಮೊದಲೇ "ಅಯ್ಯೋ, ಹತ್ತು ಮೇಡಂ!" ಎನ್ನುತ್ತಿದ್ದರು. ಹೇಳಿದ್ದರಲ್ಲಿ ಅರ್ಧ ಕಳೆಯುವುದು ನನಗೆ ರೂಢಿಯಾಗಿತ್ತು. ಎರಡರಲ್ಲಿ ಅರ್ಧ ಕಳೆದರೆ ಉಳಿಯುವುದೇನು? ಸ್ಕ್ಯಾನ್‌ಗೆ ಕಳಿಸದೆ ಸಹಿ ಹಾಕಿದೆ. ಶೂ ಹಾಕಿಕೊಳ್ಳುವಾಗ ಅವಳು ಗೋಡೆ ಹಿಡಿದದ್ದನ್ನು ಕಂಡಿದ್ದೆ. ಅವಳು ಆ ದಿನದ ಹದಿನಾಲ್ಕನೆಯ ರೋಗಿ, ನನಗೆ ಸಾಕಾಗಿ ಹೋಗಿತ್ತು.

ಟೆಸ್ ಗುಂಪು ಹಂತದ ಪಂದ್ಯಗಳನ್ನೆಲ್ಲ ಆಡಿದಳು. ತಂಡ ನಾಕೌಟ್ ತಲುಪಿದಾಗ, ಮೊದಲ ಪಂದ್ಯದಲ್ಲೇ ಜಿಗಿದು ಇಳಿದವಳು ಮೇಲೇಳಲಿಲ್ಲ. ಸ್ಟ್ರೆಸ್ ಫ್ರಾಕ್ಚರ್, ಅಂದರೆ ಒಂದೇ ಪೆಟ್ಟಿಗಲ್ಲದೆ ಪದೇ ಪದೇ ಬೀಳುವ ಭಾರಕ್ಕೆ ಮೂಳೆಯಲ್ಲಿ ಮೂಡುವ ಬಿರುಕು. ನಾನು ಒತ್ತಿ ನೋಡಿದ್ದ ಜಾಗದಲ್ಲೇ.

ಸುದ್ದಿ ತಿಳಿದ ದಿನ ಮನೆಯಲ್ಲಿ ಅತ್ತುಬಿಟ್ಟೆ. ನನ್ನ ಯಜಮಾನರು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. "ನಮ್ಮೋರು ನಾಲ್ಕಿದ್ರೆ ಹತ್ತು ಅಂತಾರೆ. ಈ ನ್ಯೂಜಿಲೆಂಡಿನೋರು ಕಾಲು ಮುರ್ದಿದ್ರೂ ಎರಡು ಅಂತಾರೆ ಕಣೇ. ಕೂಡ್ಬೇಕಾದ್ ಕಡೆ ಕಳ್ದಿದೀಯ ನೀನು," ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಏಪ್ರಿಲ್‌ನಲ್ಲಿ ಅವಳು ಊರುಗೋಲಿನ ಮೇಲೆ ಕ್ಲಿನಿಕ್‌ಗೆ ಬಂದಳು. ಕ್ಷಮೆ ಕೇಳಿದೆ. ಆಮೇಲೆ, "ಅವತ್ತು ನಿಜವಾಗಿ ಎಷ್ಟಿತ್ತು?" ಎಂದೆ.

"ಎಂಟು," ಎಂದಳು. "ಹಾಗಂತ ಹೇಳಿದ್ದರೆ ನೀವು ನನ್ನ ಫ್ರಾನ್ಸಿಗೆ ಕಳಿಸ್ತಿದ್ರಾ, ಸುಮಾ?"

ಪಾದ ವಾಸಿಯಾಯಿತು. ಯುರೋಪ್ ಅವಳನ್ನು ಮತ್ತೆ ಕರೆಯಲಿಲ್ಲ. ಅಲ್ಲಿಂದ ನಿವೃತ್ತಿಯವರೆಗೂ ಯಾರ ನೋವಿಗೂ ನಾನು ಮೊದಲು ಅಂಕ ಕೇಳಲಿಲ್ಲ. "ನೋವಿದೆ ಅಂತ ಒಪ್ಪಿಕೊಂಡರೆ ನಿಮ್ಮ ಕೈ ತಪ್ಪಿಹೋಗೋದು ಏನು?" ಎಂದು ಕೇಳಿ, ಉತ್ತರ ಬಂದ ಮೇಲೆಯೇ ನೋವಿನ ಜಾಗ ಮುಟ್ಟುತ್ತಿದ್ದೆ.