ಕೊಳ್ಳೇಗಾಲದ ಒಬ್ಬಳೇ ಚೀನೀ ಹೆಂಗಸು

ಪ್ರಭುಸ್ವಾಮಿಯವರಿಗೆ ಜನರಿಗಿಂತ ಜನಸಂಖ್ಯೆಯ ಮೇಲೆ ಪ್ರೀತಿ ಹೆಚ್ಚು. ಇದನ್ನು ಅವರ ಬೆನ್ನ ಹಿಂದೆ ಆಡಬೇಕಾಗಿಲ್ಲ, ಎದುರಿಗೇ ಹೇಳಬಹುದು. ಹೊಗಳಿದರೆಂದು ತಿಳಿದು ಕಾಫಿ ಕುಡಿಸಿ ಕಳಿಸುತ್ತಾರೆ. ಅಂಕಿಅಂಶದ ಗುಮಾಸ್ತರಾಗಿ ಸೇರಿ ಅದೇ ಲೆಕ್ಕಾಚಾರದಲ್ಲಿ ತಲೆ ನರೆಸಿಕೊಂಡು ಕೊಳ್ಳೇಗಾಲದಲ್ಲೇ ನಿವೃತ್ತರಾದ ಅವರಿಗೆ ಈಗ ಎಪ್ಪತ್ತಾರು. ಮದುವೆಮನೆಗೆ ಹೋದರೆ ಪಂಕ್ತಿಯಲ್ಲಿ ಕೂತವರನ್ನು ಎಣಿಸುತ್ತಾರೆ. ಹನೂರಿನ ಬಸ್ಸು ಹತ್ತಿದರೆ ನಿಂತವರೆಷ್ಟು, ಕೂತವರೆಷ್ಟು ಎಂಬುದು ಕಂಡಕ್ಟರಿಗಿಂತ ಮೊದಲು ಅವರಿಗೆ ಗೊತ್ತು. ಕಾಡಂಚಿನ ಹೂಗ್ಯಂನಲ್ಲಿ ಎಪ್ಪತ್ತೊಂದನೇ ಇಸವಿಯಲ್ಲಿ ಎಷ್ಟು ಒಲೆ ಉರಿಯುತ್ತಿದ್ದವೆಂದು ಕೇಳಿ, ಕಣ್ಣು ಮುಚ್ಚಿ ಹೇಳುತ್ತಾರೆ. ಅವರ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಮಾತ್ರ ಕೇಳಬಾರದು.

ಗಣತಿ ಬಂದಾಗಲೆಲ್ಲ ಮೇಷ್ಟ್ರುಗಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದವರು ಇವರೇ. ಅವರ ಪಾಠದಲ್ಲಿ ಒಂದು ಮಾತು ಕಲ್ಲಿನಲ್ಲಿ ಕೆತ್ತಿದಂತೆ ಇರುತ್ತಿತ್ತು. ‘ಮಾತೃಭಾಷೆ ಯಾವುದು ಅಂತ ಕೇಳಿ. ಹೇಳಿದ್ದನ್ನ ಹೇಳಿದ ಹಾಗೇ ಬರ್ಕೊಳ್ಳಿ. ವಾದ ಮಾಡೋದು ನಿಮ್ಮ ಕೆಲಸ ಅಲ್ಲ.’ ಆ ಕಾಲದ ಮೇಷ್ಟ್ರುಗಳಲ್ಲಿ ಬದುಕಿರುವವರು ಈಗಲೂ ಇವರನ್ನು ಬೀದಿಯಲ್ಲಿ ಕಂಡರೆ ಇದನ್ನೇ ಹೇಳಿ ನಗುತ್ತಾರೆ.

ಕಳೆದ ಮಳೆಗಾಲದಲ್ಲಿ ಸೂರು ಸೋರಿ, ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸಬೇಕಾಯಿತು. ಅದರೊಳಗೆ ಅವರು ಕಚೇರಿಯಲ್ಲಿದ್ದಾಗ ಕೈಯಾರೆ ನಕಲು ಮಾಡಿಟ್ಟುಕೊಂಡಿದ್ದ ಗೋಷ್ವಾರೆಗಳಿದ್ದವು. ಊರೂರಿನ ಲೆಕ್ಕವನ್ನು ಕೂಡಿ ಒಟ್ಟು ತೋರಿಸುವ ಹಾಳೆಗಳು ಅವು. ಒದ್ದೆಯಾದವನ್ನು ಜಗಲಿಯ ಮೇಲೆ ಹರವುತ್ತಿದ್ದ ಪ್ರಭುಸ್ವಾಮಿ ಎಂಬತ್ತೊಂದರ ಭಾಷೆಯ ಹಾಳೆಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಕನ್ನಡ, ತಮಿಳು, ಉರ್ದು, ತೆಲುಗು ಎಲ್ಲ ಸಾವಿರ, ನೂರುಗಳಲ್ಲಿ ಇಳಿದು ಬಂದು, ಕೊಳ್ಳೇಗಾಲ ಪಟ್ಟಣದ ಕೊನೆಯ ಸಾಲಿನಲ್ಲಿ ‘ಚೀನೀ: ಗಂಡು ಇಲ್ಲ, ಹೆಣ್ಣು ಒಂದು’ ಎಂದಿತ್ತು.

ನಲವತ್ತು ವರ್ಷ ಕಣ್ಣಿಗೆ ಬೀಳದ ಸಾಲು. ಅವರು ಹಸಿ ಹಾಳೆಗಳಲ್ಲೇ ತಡಕಾಡಿ ತೊಂಬತ್ತೊಂದರದನ್ನು ತೆಗೆದರು. ಚೀನೀ, ಹೆಣ್ಣು ಎರಡು. ಎರಡು ಸಾವಿರದ ಒಂದರಲ್ಲಿ ಮತ್ತೆ ಒಂದು. ಹನ್ನೊಂದರ ಲೆಕ್ಕವನ್ನು ಹಳೆಯ ಸಹೋದ್ಯೋಗಿಯೊಬ್ಬರಿಂದ ತರಿಸಿಕೊಂಡರು. ಅದರಲ್ಲಿ ಸೊನ್ನೆ.

ಅಲ್ಲಿಂದ ಶುರುವಾಯಿತು ನೋಡಿ, ಅವರ ತಲೆಗೆ ಹುಳ ಬಿಟ್ಟಂತಾಯಿತು. ಯಾರು ಆ ಹೆಂಗಸು? ಚೀನಾದಿಂದ ಕೊಳ್ಳೇಗಾಲಕ್ಕೆ ಬಂದದ್ದು ಹೇಗೆ? ಮೊದಲು ಒಡೆಯರಪಾಳ್ಯದ ಟಿಬೆಟ್ ಕ್ಯಾಂಪಿಗೆ ಹೋದರು. ಅಲ್ಲಿ ಸ್ವೆಟರ್ ವ್ಯಾಪಾರದ ಮುದುಕರೊಬ್ಬರು ನಮಗಿಂತ ಚೆನ್ನಾಗಿ ನಮ್ಮ ಕನ್ನಡ ಆಡುತ್ತಾ, “ನಮ್ದು ಟಿಬೆಟ್ಟು ಸಾ. ನೀವೇ ನಮ್ಮನ್ನ ಬ್ಯಾರೆ ಸಾಲಲ್ಲಿ ಬರ್ದಿದ್ದೀರಿ. ಚೀನಾದೋರು ಅಂದ್ಬುಟ್ರೆ ಟೀ ಕೊಡಕಿಲ್ಲ” ಎಂದರು. ಪ್ರಭುಸ್ವಾಮಿ ಟೀ ಕುಡಿದು ಮುಗಿಸಿಯೇ ಮುಂದಿನ ಪ್ರಶ್ನೆ ಕೇಳಿದರು. ಬಸ್ ಸ್ಟ್ಯಾಂಡಿನ ಬಳಿ ಚೈನೀಸ್ ಎಂದು ಬೋರ್ಡು ಹಾಕಿ ಗೋಬಿ ಮಂಚೂರಿ ಮಾರುವ ಬಿಳಿಗಿರಿಯನ್ನೂ ಬಿಡಲಿಲ್ಲ. ಅವನು ಬಾಣಲೆ ಕುಲುಕುತ್ತಾ, “ನಮ್ಮೂರು ಹೊನ್ನೂರು ಸಾ, ನಿಮ್ಮ ಮನೆಯಮ್ಮಾರ ಊರೇ” ಎಂದ. ರೇಷ್ಮೆ ವ್ಯಾಪಾರದ ಹಳಬರಲ್ಲಿ ಒಬ್ಬರಿಗೆ, ಚಿಕ್ಕಂದಿನಲ್ಲಿ ಚೀನಾದವನೊಬ್ಬ ಬಟ್ಟೆಗಂಟು ಹೊತ್ತು ಬೀದಿಯಲ್ಲಿ ಬಂದದ್ದು ಮಂಕಾಗಿ ನೆನಪಿತ್ತು. ಸಾಕಾಯಿತು ಇವರಿಗೆ. ಆ ಒಂದು ಗಂಟು ಬಟ್ಟೆಯಿಂದ ಇಡೀ ಸಂಸಾರವನ್ನೇ ಬಿಚ್ಚಿದರು.

ಮೈಸೂರಿನಲ್ಲಿರುವ ಮಗಳು ನಾಗಶ್ರೀಗೆ ಫೋನು ಮಾಡಿ ಹೇಳಿದಾಗ ಅವಳು ಬಹಳ ಹೊತ್ತು ನಕ್ಕು, “ಅವ್ವನ್ನ ಕೇಳಿ ಅಪ್ಪಾಜಿ” ಎಂದು ಫೋನಿಟ್ಟಳು. ಹೆಂಡತಿ ಚನ್ನಾಜಮ್ಮನಿಗೆ ಗಣತಿಯ ವಿಷಯ ಏನು ಗೊತ್ತು ಎಂದುಕೊಂಡು ಇವರು ಕೇಳಲಿಲ್ಲ.

ನಿವೃತ್ತ ಹೆಡ್‌ಮೇಷ್ಟ್ರು ಗುರುಸಿದ್ದಯ್ಯನವರು ಭಾನುವಾರಗಳಂದು ಒಂದು ಇತಿಹಾಸದ ಕೂಟ ನಡೆಸುತ್ತಾರೆ. ಪ್ರಭುಸ್ವಾಮಿ ಅಲ್ಲಿ ಮಾತನಾಡಲು ಒಪ್ಪಿಕೊಂಡರು. ವಿಷಯ, ‘ಕೊಳ್ಳೇಗಾಲದ ಚೀನೀ ವಲಸಿಗರು: ನಾಲ್ಕು ಗಣತಿಗಳಲ್ಲಿ ಬೆಳವಣಿಗೆ ಮತ್ತು ಅಳಿವು’. ಬೆಳವಣಿಗೆ ಎಂದರೆ ಒಂದು ಎರಡಾದದ್ದು. ಶೇಕಡಾ ನೂರು ಎಂದು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದರು. ಜೀವಮಾನವಿಡೀ ಇವರ ಅಂಕಿಗಳನ್ನು ಕೇಳಿಸಿಕೊಂಡವರಿಲ್ಲ, ಈಗ ಕೇಳಲು ಮೂವತ್ತು ಕುರ್ಚಿ ಹಾಕುತ್ತೇವೆಂದು ಗುರುಸಿದ್ದಯ್ಯ ಹೇಳಿದ್ದರು.

ಭಾನುವಾರಕ್ಕೆ ಎರಡು ದಿನ ಮೊದಲು ಚನ್ನಾಜಮ್ಮ ಹಜಾರದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಪ್ರಭುಸ್ವಾಮಿ ಅವರ ಎದುರಿಗೆ ನಿಂತು, ಕನ್ನಡಕ ಏರಿಸಿ, ಭಾಷಣವನ್ನು ಒಂದು ಸಲ ಓದಿ ನೋಡಿದರು. ಅಭ್ಯಾಸಕ್ಕೆ ಎದುರಿಗೆ ಯಾರಾದರೂ ಇರಬೇಕಲ್ಲ.

“ಎಂಬತ್ತೊಂದರಲ್ಲಿ ಆಕೆ ಒಬ್ಬಳೇ ಇದ್ದಳು. ಆಮೇಲಿನ ಹತ್ತು ವರ್ಷದಲ್ಲಿ ಆಕೆಯ ಮಗಳಿಗೆ ತಾಯಿಯ ಭಾಷೆ ಬಂತು. ಎರಡು ಸಾವಿರದ ಒಂದರ ಹೊತ್ತಿಗೆ ಮಗಳನ್ನು ಮದುವೆ ಮಾಡಿ ಬೇರೆ ಊರಿಗೆ ಕೊಟ್ಟಿದ್ದಾರೆ. ಹನ್ನೊಂದರ ಹೊತ್ತಿಗೆ ತಾಯಿ ತೀರಿಕೊಂಡಿದ್ದಾಳೆ.” ಇಷ್ಟು ಓದಿ ನಿಲ್ಲಿಸಿದರು. ಹಾಳೆ ಕೆಳಗಿಳಿಸಿ, ಬರೆಯದೆ ಇದ್ದದ್ದನ್ನೇ ಹೇಳಿದರು. “ಮೂವತ್ತು ವರ್ಷ ಕಣೇ, ಚನ್ನಿ. ಆಕೆ ಆಡೋ ಮಾತು ಈ ಊರಲ್ಲಿ ಒಬ್ಬರಿಗೂ ಅರ್ಥವಾಗ್ತಿರಲಿಲ್ಲ. ನಮ್ಮ ಮನೆ ಮುಂದೆನೇ ಎಷ್ಟು ಸಲ ಓಡಾಡಿದ್ಲೋ. ಪಾಪ, ಮಾತಾಡೋಕೆ ಮನುಷ್ಯರಿಗೆ ಒಬ್ಬರಾದರೂ ಬೇಡವಾ?”

ಚನ್ನಾಜಮ್ಮ ನಗತೊಡಗಿದರು. ಮೊದಲು ಬಾಯಿ ಮುಚ್ಚಿಕೊಂಡು, ಆಮೇಲೆ ಮುಚ್ಚಿಕೊಳ್ಳದೆ. ಮೊರ ಪಕ್ಕಕ್ಕಿಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಎಲ್ಲಾನೂ ಸರ್ಯಾಗೇ ಲೆಕ್ಕ ಆಕಿದ್ದೀರಿ ಕಣ್ರಿ” ಎಂದರು. “ಸತ್ತಿಲ್ಲ, ಅಷ್ಟೇಯ.”

ಪ್ರಭುಸ್ವಾಮಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಬಿಡಿಸಿ ಹೇಳಬೇಕಾಯಿತು.

“ನಾನೇ ಕಣ್ರಿ ಅದು. ಮನೆಮಾತು ಯಾವ್ದು ಅಂತ ಮೇಷ್ಟ್ರು ಕೇಳುದ್ರು, ಚೀನಿ ಅಂದೆ. ಹಂಗೆಲ್ಲ ಬರಿಯಕಾಯ್ತದ್ಯಾ ತಾಯಿ ಅಂದ್ರು ಆ ವಯ್ಯ. ನಿಮ್ಮ ಪ್ರಭುಸ್ವಾಮಿಗಳು ವಾದ ಮಾಡಬ್ಯಾಡಿ ಅಂತ ಏಳಿಲ್ವಾ ಅಂದೆ. ಸುಮ್ಗ ಬರ್ಕಂಡು ಒಂಟೋದ್ರು.”

ಪ್ರಭುಸ್ವಾಮಿಗೆ ಬಂದದ್ದು ಕೋಪ. ಸರ್ಕಾರದ ದಾಖಲೆ, ಅದರಲ್ಲಿ ಸುಳ್ಳು, ಅದೂ ತಮ್ಮ ಮನೆಯಿಂದ. ಇನ್ನು ಎರಡು ದಿನಕ್ಕೆ ಮೂವತ್ತು ಕುರ್ಚಿ. “ಯಾಕೆ ಹಂಗೆ ಬರೆಸ್ದೆ?” ಎಂದು ಗದರಿದರು.

ಚನ್ನಾಜಮ್ಮ ಮೊರವನ್ನು ಮತ್ತೆ ತೊಡೆಗೆಳೆದುಕೊಂಡರು. ಅವರ ದನಿಯಲ್ಲಿ ಜಗಳವಿರಲಿಲ್ಲ. “ಆ ವರ್ಸ ನಾನು ಎಸ್ಸೆಸ್ಸೆಲ್ಸಿ ಕಟ್ಟಬೇಕು ಅಂತ ಫಾರಂ ತುಂಬಿ ನಿಮ್ಮ ಕೈಲಿ ಕೊಟ್ಟಿದ್ದೆ. ಸುಕ್ರವಾರ ಕಡೇ ದಿನ ಅಂತ ಮೂರು ಸಲ ಏಳ್ದೆ. ಮೂರು ಸಲಾನೂ ಊಂ ಅಂದ್ರಿ. ಆ ಫಾರಂ ನಿಮ್ಮ ಗಣತಿ ಕಾಗ್ದದ ಜೊತ್ಗ ಹೂಗ್ಯಂಗ ಓಯ್ತು, ಪಾಲಾರ್‌ಗೂ ಓಯ್ತು. ಆನೆ ಕಾಡೆಲ್ಲಾ ಸುತ್ತಾಡ್ಕಂಡು ಒಂದು ತಿಂಗಳಾದ್ಮೇಲೆ ನಿಮ್ಮ ಚೀಲದಲ್ಲೇ ವಾಪಸ್ ಬಂತು. ನೀವು ಅಲ್ಲಿದ್ದಾಗ್ಲೇ ಮೇಷ್ಟ್ರು ಇಲ್ಲಿಗ ಬಂದದ್ದು. ನಾನಾಡೋದು ಕನ್ನಡ ಆಗಿದ್ರ ಈ ಮನೇಲಿ ಯಾರ್ಗಾದ್ರೂ ತಿಳೀಬೇಕಾಗಿತ್ತಲ್ವಾ. ತಿಳೀನಿಲ್ಲ. ಅದುಕ್ಕ ಚೀನಿ ಅಂದೆ.”

“ಮತ್ತೆ ತೊಂಬತ್ತೊಂದರಲ್ಲಿ ಎರಡು?”

“ನಾಗಶ್ರೀ ಬಾಗ್ಲಲ್ಲಿ ನಿಂತಿದ್ಲು. ನಂಗೂ ಅದೇ ಬರ್ಕಳಿ ಸಾ ಅಂದ್ಲು. ಸ್ಕೂಲ್ ನಾಟಕದಲ್ಲಿ ರಾಣಿ ಪಾರ್ಟು ಮಾಡಿದ್ಲಲ್ಲ, ಬತ್ತೀನಿ ಅಂದು ನೀವು ಬರ್ನಿಲ್ವಲ್ಲ, ಆ ವರ್ಸ.”

ಪ್ರಭುಸ್ವಾಮಿಗೆ ನಾಟಕ ನೆನಪಿರಲಿಲ್ಲ. ಆ ವರ್ಷ ಆ ಶಾಲೆಯಲ್ಲಿ ಎಷ್ಟು ಹುಡುಗಿಯರಿದ್ದರೆಂಬುದು ಮಾತ್ರ ನೆನಪಿತ್ತು. ಅದನ್ನು ಈಗ ಹೇಳಬಾರದು ಎನ್ನುವಷ್ಟು ಬುದ್ಧಿ ಪುಣ್ಯಕ್ಕೆ ಬಂತು. ಹನ್ನೊಂದರ ಸೊನ್ನೆಯ ಬಗ್ಗೆ ಕೇಳಲು ಅವರಿಗೆ ಧೈರ್ಯವಾಗಲಿಲ್ಲ, ಆದರೂ ಕೇಳಿದರು.

“ಅಷ್ಟೊತ್ಗ ರಿಟೈರ್ ಆಗಿದ್ರಲ್ಲ. ಜಗಲಿ ಮ್ಯಾಲ ನೀವೇ ಕುಂತ್ಕಂಡು ಎಲ್ಲಾನೂ ಬರೆಸುದ್ರಿ. ನಾನು ಒಳ್ಗ ಒಲೆ ಮುಂದ ಇದ್ದೆ. ನನ್ನ ಕರುದ್ರಾ?”

ನಿಜ. ಮನೆಯ ಇಬ್ಬರಿಗೂ ಕನ್ನಡವೆಂದು ಇವರೇ ಹೇಳಿ, ನಕಲಿಗೆ ಸಹಿ ಬೇಕೇ ಎಂದು ಕೇಳಿ, ಗಣತಿಯವರಿಗೆ ಎರಡು ತಪ್ಪು ತೋರಿಸಿ ಕಳಿಸಿದ್ದರು. ಕೊಳ್ಳೇಗಾಲದ ಚೀನೀ ಸಮುದಾಯವನ್ನು ಅಳಿಸಿದವರು ಬೇರೆ ಯಾರೂ ಅಲ್ಲ. ಅವರು ಭಾಷಣದ ಹಾಳೆಗಳನ್ನು ಮಡಿಸಿ ಕೂತರು. ನಾಚಿಕೆಯಾಗಿತ್ತು. ಯಾರೋ ಕಾಣದ ಚೀನೀ ಹೆಂಗಸಿಗಾಗಿ ಪಾಪ ಎಂದಿದ್ದರಲ್ಲ, ಆ ಮರುಕ ಇನ್ನೂ ಹೋಗಿರಲಿಲ್ಲ.

ಗುರುಸಿದ್ದಯ್ಯನವರಿಗೆ ಫೋನು ಮಾಡಿ, ಮೂಲ ಮಾಹಿತಿಯಲ್ಲಿ ಇನ್ನೂ ಸ್ವಲ್ಪ ಕೇಳಿ ತಿಳಿಯುವುದಿದೆ ಎಂದರು. ಭಾನುವಾರ ಕೂಟದವರಿಗೆ ಯಳಂದೂರು ತಾಲ್ಲೂಕಿನ ಬಾವಿಗಳ ಬಗ್ಗೆ ಮಾತಾಡಿ ಎಲ್ಲರನ್ನೂ ನಿದ್ದೆಗೆ ಕೆಡವಿ ಬಂದರು.

ಆಮೇಲೆ ಒಂದು ತಿಂಗಳು ಚನ್ನಾಜಮ್ಮನಿಗೆ ಬಂದ ಕಷ್ಟ ಯಾರಿಗೂ ಬೇಡ. ಅವರು ಬಾಯಿ ತೆರೆದರೆ ಸಾಕು, ಪ್ರಭುಸ್ವಾಮಿ ಪೇಪರ್ ಮಡಿಸಿಟ್ಟು ಎದುರಿಗೆ ಬಂದು ನಿಲ್ಲುತ್ತಿದ್ದರು. ಕೆಮ್ಮಿದರೂ “ಏನಂದೆ?” ಎನ್ನುತ್ತಿದ್ದರು. ತರಕಾರಿಯವನಿಗೆ ಹೇಳಿದ್ದನ್ನೂ ಇವರು ಕೇಳಿಸಿಕೊಂಡು ಎರಡು ಸಲ ಕೊತ್ತಂಬರಿ ತಂದರು. “ಇಷ್ಟೊಂದು ಬ್ಯಾಡಿ ಕಣ್ರಿ, ಊಂ ಅಂತಿದ್ದಾಗ್ಲೇ ನೆಮ್ದಿಯಾಗಿತ್ತು” ಎಂದು ಆಕೆ ಒಂದು ದಿನ ಅಂದದ್ದುಂಟು. ಆದರೆ ಹಿಂದಿನ ಮಾತುಗಳು ಒಂದೊಂದಾಗಿ ಹೊರಬರತೊಡಗಿದವು. ಗಣಿತದಲ್ಲಿ ತರಗತಿಗೇ ತಾನು ಮೊದಲಿದ್ದೆ ಎಂಬುದನ್ನೂ ಆಕೆ ಹೇಳಿದ್ದು ಆಗಲೇ. ಐವತ್ತು ವರ್ಷದ ಸಂಸಾರದಲ್ಲಿ ಪ್ರಭುಸ್ವಾಮಿಗೆ ಇದು ಗೊತ್ತಿರಲಿಲ್ಲ.

ಅಷ್ಟರಲ್ಲಿ, ಹತ್ತು ವರ್ಷಕ್ಕೊಮ್ಮೆ ಬರಬೇಕಾದ ಗಣತಿ ಈ ಸಲ ತಡವಾಗಿಯಾದರೂ ಬಂತು. ಬಂದವಳು ಪುಷ್ಪ ಎಂಬ ಪ್ರೈಮರಿ ಶಾಲೆಯ ಟೀಚರು, ಕೈಯಲ್ಲಿ ಮೊಬೈಲು. ಪ್ರಭುಸ್ವಾಮಿ ಅವಳನ್ನು ಜಗಲಿಯಲ್ಲಿ ಕೂರಿಸಲಿಲ್ಲ. ಒಳಗೆ ಕರೆದು, ಹೆಂಡತಿಯ ಎದುರಿಗೆ ಕುರ್ಚಿ ಹಾಕಿ, ತಾವು ಬಾಗಿಲ ಪಕ್ಕದಲ್ಲಿ ನಿಂತರು. ಹೆಂಡತಿ ಈಗ ಏನು ಹೇಳುತ್ತಾಳೋ ಅದೇ ಈ ಒಂದು ತಿಂಗಳ ಫಲಿತಾಂಶ ಎಂಬುದು ಅವರಿಗೆ ಗೊತ್ತಿತ್ತು. ಸನ್ನೆ ಮಾಡುವಂತಿಲ್ಲ, ವಾದ ಮಾಡುವಂತಿಲ್ಲ. ನಿಯಮ ಮಾಡಿದವರೇ ಅವರು.

ಹೆಸರು, ವಯಸ್ಸು, ಓದು ಮುಗಿದು ಪುಷ್ಪ ಕೇಳಿದಳು, “ಮಾತೃಭಾಷೆ ಯಾವ್ದಮ್ಮ?”

ಚನ್ನಾಜಮ್ಮ ಬಾಗಿಲ ಕಡೆ ತಿರುಗಿ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ಸಾವಧಾನವಾಗಿ ನೋಡಿದರು.

“ಕನ್ನಡ” ಎಂದರು.

ಪ್ರಭುಸ್ವಾಮಿ ಬಾಗಿಲ ಚೌಕಟ್ಟಿಗೆ ಒರಗಿಕೊಂಡರು.

“ಬೇರೆ ಯಾವ ಭಾಷೆ ಬರ್ತದೆ?”

“ತಮಿಳು ಬತ್ತದ. ಆಮ್ಯಾಲ, ಚೀನಿ.”

ಪುಷ್ಪಳ ಬೆರಳು ಮೊಬೈಲಿನ ಮೇಲೆ ನಿಂತಿತು. ನಗಬೇಕೋ ಬೇಡವೋ ತಿಳಿಯದೆ ಬಾಗಿಲ ಕಡೆ ನೋಡಿದಳು. “ಸಾ, ಇದನ್ನ ಹಾಕ್ಕೊಳ್ಲಾ?”

“ಹೇಳಿದ್ದನ್ನ ಹೇಳಿದ ಹಾಗೇ ಹಾಕ್ಕೊಳ್ಳಮ್ಮ” ಎಂದರು ಪ್ರಭುಸ್ವಾಮಿ.

ಅವಳು ಹಾಕಿಕೊಂಡಳು. ಆಮೇಲೆ ಅವರ ಸರದಿ. ಮಾತೃಭಾಷೆ ಕನ್ನಡವಾಯಿತು. ಬೇರೆ ಭಾಷೆಗೆ ಅವರು ಇಂಗ್ಲಿಷ್ ಎಂದರು. “ಇನ್ನೊಂದು ಹಾಕ್ಬೌದು ಸಾ” ಎಂದಳು ಪುಷ್ಪ. ಅವರು ಯೋಚಿಸುತ್ತಿದ್ದಂತೆ ಚನ್ನಾಜಮ್ಮ ನಡುವೆ ಬಾಯಿ ಹಾಕಿದರು.

“ಅವ್ರಿಗೂ ಚೀನಿ ಬರ್ಕಳಮ್ಮಿ. ಮಾತಾಡಕ ಬರಕಿಲ್ಲ, ಕೇಳುದ್ರ ಅರ್ತ ಆಯ್ತದ.”

ಸರ್ಕಾರದ ಲೆಕ್ಕದಲ್ಲಿ ಒಂದು ತಪ್ಪು ಅಂಕಿಯನ್ನೂ ಬಿಟ್ಟುಕೊಡದ ಪ್ರಭುಸ್ವಾಮಿ ಅದನ್ನು ತಿದ್ದಿಸಲಿಲ್ಲ.