ಹನ್ನೊಂದನೆಯ ಶುಕ್ರವಾರ

ಹೆಚ್ಚಿದ ಸೇಬಿನ ಮೇಲೆ ನಿಂಬೆರಸ ಬಿದ್ದಾಗ ಒಂದು ವಾಸನೆ ಏಳುತ್ತದೆ. ಮೊನ್ನೆ ನೋಯ್ಡಾದ ನಮ್ಮ ಅಡುಗೆಮನೆಯಲ್ಲಿ ಮಗಳು ಸಬ್ಬಕ್ಕಿ, ಹಣ್ಣು, ಹಾಲು ಹರಡಿಕೊಂಡು ತಣ್ಣನೆಯ ಸಿಹಿ ಮಾಡಲು ಹೊರಟಿದ್ದಳು. "ಅಮ್ಮಾ, ಆ್ಯಪಲ್ ಕಾಲಾ ಹೋ ಜಾಯೇಗಾ, ಸ್ವಲ್ಪ ನಿಂಬೂ ಹಾಕ್ತೀನಿ" ಎನ್ನುತ್ತ, ಸೇಬು ಕಪ್ಪಾಗದಿರಲೆಂದು ಹಿಂಡಿಯೇಬಿಟ್ಟಳು. ನಾನು ಎದ್ದು ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆ ಮಡಿಸತೊಡಗಿದೆ. ಅಳು ಬರಲಿಲ್ಲ. ಹಿಂದೆ ನನ್ನ ಎದುರು ಮನೆಯಲ್ಲಿದ್ದ ಆಂಟಿಯೊಬ್ಬರ ವಿಷಯದಲ್ಲಿ ನನಗೆ ಅಳು ಬಂದೇ ಇಲ್ಲ...

ಬಹಳ ವರ್ಷಗಳ ಹಿಂದೆ ನಾನು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಸಿವಿಲ್ ಸರ್ವೀಸಸ್ ಪರೀಕ್ಷೆಗೆ ಓದುತ್ತಿದ್ದೆ. ಮೂರನೇ ಮಹಡಿಯಲ್ಲಿ, ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯದಂಥ ರೂಮು. ಎದುರು ಮನೆಯಲ್ಲಿ ಕನ್ನಡದ ಆಂಟಿ. ಮಿಲಿಟರಿಯಲ್ಲಿದ್ದ ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮೆಚ್ಚಿದವನನ್ನು ಮದುವೆಯಾಗಿ ಪುಣೆಗೆ ಹೋಗಿದ್ದಳು. ಆಂಟಿ ಅಂದು ಆಡಬಾರದ್ದೇನೋ ಆಡಿದ್ದರಂತೆ. ಎರಡು ವರ್ಷದಿಂದ ಅವಳು ಇವರ ಫೋನ್ ಎತ್ತುತ್ತಿರಲಿಲ್ಲ.

ಮಗಳ ಫೋನ್ ಬರಲೆಂದು ಆಂಟಿ ಹದಿನಾರು ಶುಕ್ರವಾರದ ವ್ರತ ಹಿಡಿದಿದ್ದರು. ಊರಲ್ಲಿ ಕಲಿತದ್ದಲ್ಲ, ಕೆಳಗಿನ ಮನೆಯ ಪಂಜಾಬಿ ಹೆಂಗಸು ಹೇಳಿಕೊಟ್ಟದ್ದು. ಒಂದೇ ಹೊತ್ತಿನ ಊಟ, ಅದರಲ್ಲೂ ಹುಳಿ ಮುಟ್ಟುವಂತಿಲ್ಲ. ಮೊಸರು, ಹುಣಸೆ, ಟೊಮೆಟೊ ಏನೂ ಇಲ್ಲ. ಮುಟ್ಟಿದರೆ ವ್ರತ ಕೆಟ್ಟಂತೆ. ನಮ್ಮ ಕಡೆಯವರಿಗೆ ಸಾರಿಲ್ಲದ ಊಟವೇ ಅರ್ಧ ಉಪವಾಸ.

ಹನ್ನೊಂದನೆಯ ಶುಕ್ರವಾರ, ಮೇ ತಿಂಗಳು, ಹೊರಗೆ ಬೆಂಕಿಯಂಥ ಗಾಳಿ. ಪ್ರತಿ ವಾರ ಅವರೇ ನನಗೆ ಏನಾದರೂ ಕೊಡುತ್ತಿದ್ದರು. ಒಮ್ಮೆ ನಾನೂ ದೊಡ್ಡಸ್ತಿಕೆ ತೋರಿಸೋಣವೆಂದುಕೊಂಡೆ. ನೆನೆಸಿದ ಸಬ್ಬಕ್ಕಿಯನ್ನು ನಡುವಿನ ಬಿಳಿ ಚುಕ್ಕೆ ಮಾಯವಾಗುವ ತನಕ ಬೇಯಿಸಿ, ಅಂಟಬಾರದೆಂದು ತಣ್ಣೀರಲ್ಲಿ ತೊಳೆದು, ಕಾಯಿಸಿ ಆರಿಸಿದ ಹಾಲಿಗೆ ಹಾಕಿದೆ. ಮೇಲೆ ಮಾವು, ಬಾಳೆ, ಸೇಬು. ನನ್ನ ಬಳಿ ಫ್ರಿಜ್ ಇರಲಿಲ್ಲ. ಬೆಳಿಗ್ಗೆಯೇ ಪಾತ್ರೆಯನ್ನು ಅವರ ಫ್ರಿಜ್ಜಿನಲ್ಲಿಟ್ಟೆ.

"ಹುಳಿ ಏನೂ ಹಾಕಿಲ್ಲ ತಾನೇ?" ಎಂದು ಕೇಳಿದರು.

"ಇಲ್ಲ ಆಂಟಿ. ಮಾವಿನಹಣ್ಣನ್ನೂ ತಿಂದು ನೋಡೇ ಹಾಕಿದ್ದು."

ಮಧ್ಯಾಹ್ನ ಕೋಚಿಂಗ್ ಮುಗಿಸಿ ಬಂದು ಚಾಕು ತೊಳೆಯುವಾಗ ಅರ್ಧ ನಿಂಬೆಹೋಳು ಕಣ್ಣಿಗೆ ಬಿತ್ತು. ಸೇಬು ಹೆಚ್ಚಿದ ಕೂಡಲೇ ಎರಡು ಹನಿ ಹಿಂಡುವುದು ಅಮ್ಮನಿಂದ ಬಂದ ಅಭ್ಯಾಸ; ಕೈ ತನ್ನ ಪಾಡಿಗೆ ಮಾಡಿಬಿಟ್ಟಿತ್ತು. ಓಡಿದೆ. ಆಂಟಿಯ ಬಟ್ಟಲು ಖಾಲಿಯಾಗಿತ್ತು.

"ಪಾತ್ರೆಯಲ್ಲಿ ಉಳಿದ ಸೇಬು ನೋಡು, ಈಗ ಹೆಚ್ಚಿದ ಹಾಗೆ ಬೆಳ್ಳಗಿದೆ" ಎಂದು ನಕ್ಕರು.

"ತಣ್ಣಗಿತ್ತಾ ಆಂಟಿ?" ಎಂದಷ್ಟೇ ಕೇಳಿ ಬಂದೆ.

ಹದಿನಾರು ಶುಕ್ರವಾರ ಮುಗಿದವು. ಫೋನ್ ಬರಲಿಲ್ಲ. "ಎಲ್ಲೋ ನನ್ನಿಂದಲೇ ತಪ್ಪಾಗಿದೆ ಕಣಮ್ಮ. ಚಲೋ, ಮತ್ತೆ ಮೊದಲಿಂದ ಹಿಡಿತೀನಿ" ಎಂದರು. ಅವರಿಗೆ ಸಕ್ಕರೆ ಕಾಯಿಲೆಯಿತ್ತು. ಆಗಲಾದರೂ ಹೇಳಬಹುದಿತ್ತು. ವ್ರತವನ್ನೇ ನಂಬದವಳು ಕೆಟ್ಟಿತೆಂದು ಯಾಕೆ ಹೇಳಲಿ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ನಿಜವೆಂದರೆ ಹೆದರಿಕೆ. ಆ ಊರಲ್ಲಿ ನನ್ನನ್ನು ಊಟ ಆಯಿತಾ ಎಂದು ಕೇಳುತ್ತಿದ್ದವರು ಅವರೊಬ್ಬರೇ.

ಎರಡನೆಯ ಸುತ್ತಿನ ಏಳನೆಯ ಶುಕ್ರವಾರ ಅಡುಗೆಮನೆಯಲ್ಲಿ ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಹೃದಯಾಘಾತ ಎಂದರು ಡಾಕ್ಟರು. ಉಪವಾಸಕ್ಕೂ ಅದಕ್ಕೂ ಸಂಬಂಧವಿದೆಯೇ ಎಂದು ನಾನು ಕೇಳಲಿಲ್ಲ. ಆಂಟಿಯ ಫೋನಿನಿಂದ ಮಗಳಿಗೆ ಕರೆ ಮಾಡಿದೆ, ಎತ್ತಲಿಲ್ಲ. ನನ್ನ ಫೋನಿನಿಂದ ಮಾಡಿದೆ. ಕೂಡಲೇ ಎತ್ತಿದಳು...

ಅವಳಿಗೆ ವ್ರತದ ವಿಷಯ ಹೇಳಿದ್ದೇನೆ. ನಿಂಬೆಯದು ಹೇಳಿಲ್ಲ. ಇಷ್ಟು ವರ್ಷಗಳಾದರೂ ತಿಂಗಳಿಗೊಮ್ಮೆ ತಪ್ಪದೆ ಫೋನ್ ಮಾಡುತ್ತಾಳೆ. ಮೊನ್ನೆ ಸಂಜೆಯೂ ಮಾಡಿದ್ದಳು. "ಅಕ್ಕಾ, ಕೊನೇಲಿ ಅಮ್ಮನ ಹತ್ತಿರ ನೀವಾದ್ರೂ ಇದ್ರಲ್ಲ" ಎಂದಳು. ನಾನು ಹೂಂ ಎಂದೆ. ಆಂಟಿ ಕಾದು ಕೂತಿದ್ದ ಫೋನು ನನಗೆ ಬರುತ್ತಿದೆ.