ಕಂಪೌಂಡರ್ ಹೆಸರಿನ ಇಸಿಜಿ

ದೊಡ್ಡ ಡಾಕ್ಟ್ರ ಬಿಳಿ ಕೋಟಿನ ಕಾಲರ್ ಮೇಲೆ ಯಾವಾಗಲೂ ಒಂದು ಕಪ್ಪು ಕಲೆ ಇರುತ್ತಿತ್ತು. ಹೊನ್ನಾವರದ ಸೆಖೆಗೆ ಬೆವರಿನ ಜೊತೆ ಇಳಿದ ತಲೆಯ ಬಣ್ಣ. ನೋಡಿದರೆ ಹೇಸಿಗೆಯಾಗುತ್ತಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಅವರ ದವಾಖಾನೆಯಲ್ಲಿ ನಾನು ಸಣ್ಣ ಡಾಕ್ಟ್ರು.

ರೋಗಿ ಮಂಡಿನೋವು ಎಂದರೆ ಸಾಕು, ದೊಡ್ಡ ಡಾಕ್ಟ್ರು ಹೊಟ್ಟೆ ಒಳಗೆಳೆದುಕೊಂಡು ಎದ್ದು ನಿಲ್ಲುವರು. ಮಾವಳ್ಳಿಯಿಂದ ಬಂದ ಮೀನು ಮಾರುವ ಹೆಂಗಸಿಗೂ ಅದೇ ಉಪದೇಶ: "ನನ್ನ ನೋಡು ಮಾರಾಯ್ತಿ. ಅರವತ್ನಾಲ್ಕು! ಒಂದು ಗುಳಿಗೆ ಇಲ್ಲ. ನಿಮ್ಗೆಲ್ಲ ಉಂಡು ಮಲಗೂದೇ ಕೆಲ್ಸ." ದಿನವಿಡೀ ಬುಟ್ಟಿ ಹೊತ್ತು ಸವೆದ ಮಂಡಿ ಅವಳದು! ಅವಳೋ ಹೊರಗೆ ಬಂದು, "ದೊಡ್ಡ ಡಾಕ್ಟ್ರು ಹುಡ್ಗನ ಹಾಂಗೆ ಇದ್ದಾರ್ ನೋಡಿ" ಎಂದು ಹೊಗಳುವಳು.

ವಿದ್ಯೆಯಲ್ಲಿ ಮಾತ್ರ ಅವರಂಥವರನ್ನು ನಾನು ಕಂಡಿಲ್ಲ. ಕಣ್ಣು ಮುಚ್ಚಿ ಎದೆಬಡಿತ ಕೇಳುವುದನ್ನು ನನಗೆ ಕಲಿಸಿದ್ದೇ ಅವರು. ಅದಕ್ಕೇ ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಒಂದು ಮಧ್ಯಾಹ್ನ ರೋಗಿಗಳು ಹೋದ ಮೇಲೆ, ಎದೆ ಹಿಡಿದುಕೊಂಡು, ಬಾಗಿಲಿಗೆ ಚಿಲಕ ಹಾಕಿಸಿದರು. ಇಸಿಜಿ ತೆಗೆದೆ. ಹೃದಯಾಘಾತದ ಗೆರೆಗಳು ಸ್ಪಷ್ಟವಾಗಿದ್ದವು.

"ಸರ್, ಈಗಲೇ ಮಂಗಳೂರಿಗೆ ಹೋಗೋಣ."

ಅವರಿಗೆ ಗೊತ್ತಾಗದ್ದು ಏನಿತ್ತು? ಕಾಗದ ನೋಡಿ, "ಹೆಸರು ಅನಂತ ಅಂತ ಬರಿ" ಎಂದರು. ಅನಂತ ನಮ್ಮ ಕಂಪೌಂಡರ್. "ಊರಿಗೆ ಗೊತ್ತಾದ್ರೆ ನನ್ನ ಮಾತಿಗೆ ಎಂತ ಬೆಲೆ? ಮನೆಯಲ್ಲೂ ಹೇಳ್ಬೇಡ. ಆತಾ?"

"ಆತು ಸರ್" ಎಂದೆ. ಬರೆದೆ. ಥೂ, ನನ್ನ ಜನ್ಮಕ್ಕಿಷ್ಟು!

ಮೂರು ದಿನ ಹೋಗೋಣ ಹೋಗೋಣ ಎಂದು ಗೋಗರೆದೆ. "ನಾಳೆ ನೋಡುವಾ" ಎನ್ನುತ್ತಲೇ ಇದ್ದರು. ಬೆಳಗಿನ ವಾಕಿಂಗ್ ಸಹ ಬಿಡಲಿಲ್ಲ. ಒಂದು ದಿನ ತಪ್ಪಿದರೆ ಊರು ಕೇಳುತ್ತದಲ್ಲ! ನಾಲ್ಕನೆಯ ದಿನ ಶರಾವತಿ ಸೇತುವೆಯ ಮೇಲೆ ಕುಸಿದವರು ಏಳಲಿಲ್ಲ.

ಹೆಣದ ಸುತ್ತ ನಿಂತ ಜನ, "ಎಂಥ ಗಟ್ಟಿ ದೇಹ, ಹೊಟ್ಟೆಯೇ ಇಲ್ಲ ನೋಡಿ" ಎಂದು ಮೆಚ್ಚಿಕೊಳ್ಳುತ್ತಿದ್ದರು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಒಳಗೆ ಕರೆದು ಕೇಳಿದರು: "ತಮ್ಮಾ, ದಿನಾ ಜೊತೆಗಿದ್ದವ ನೀನು. ಮೊದ್ಲೇ ಎಂತಾರೂ ಇತ್ತಾ?"

"ಎಂತದೂ ಇರ್ಲಿಲ್ಲ ಅಕ್ಕಾ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಹಾಂಗಾರೆ ನಾ ಬಡಿಸಿದ್ದೇ ಅವ್ರಿಗೆ ಮುಳುವಾತು. ಎಣ್ಣೆ ಕಮ್ಮಿ ಹಾಕು ಅಂದ್ರೂ ನಾ ಕೇಳ್ಲಿಲ್ಲ."

ಆಗಲೂ ನಾನು ಬಾಯಿ ಬಿಡಲಿಲ್ಲ.